ಸ್ಟೆಲ್ತ್ ಗೇಮ್‌ನಾಗ ಆಡೋ ಪಾತ್ರ ಮಾತಾಡಬೇಕೋ, ಮೂಕ ಇರಬೇಕೋ?

ಗುಡ್ಡದ_ನೆರಳು · ಬಳ್ಳಾರಿ

ಬಳ್ಳಾರಿ ಗುಡ್ಡದ ಕೋಟೆ ಇಟ್ಕೊಂಡು ಗೇಮ್ ಮಾಡೋ ಸಾಫ್ಟ್‌ವೇರ್ ಗೋಡಾಟ್ 4ರಾಗೆ ಒಂದು ಚಿಕ್ಕ ಸ್ಟೆಲ್ತ್ ಗೇಮ್, ಅಂದ್ರೆ ಕಾವಲಿನೋರ ಕಣ್ಣು ತಪ್ಪಿಸಿ ನುಸುಳೋ ಆಟ, ಮಾಡ್ತಿದೀವಿ. ಎರಡೇ ಲೆವೆಲ್. ಕತ್ತಲಾದ ಮ್ಯಾಲೆ ಕೆಳಕೋಟೆ ದಾಟಿ ಮೇಲ್ಕೋಟೆ ಹತ್ತಬೇಕು, ಒಂದು ಓಲೆ ಕದ್ದು ಇಳೀಬೇಕು. ಆಡೋ ಪಾತ್ರ ಒಬ್ಬ ಹೆಂಗಸು, ಕೋಟೆಗೆ ಹಾಲು ಹಾಕೋಳು. ಕಾವಲಿನೋರ ಮಾತು ರೆಕಾರ್ಡ್ ಆಗಿ ಮುಗಿದೈತೆ. ತಕರಾರು ಇವಳದ್ದೇ. ಡಿಸಾನರ್ಡ್ ಗೇಮ್ ಮೊದಲನೇದ್ರಾಗೆ ಹೀರೋ ಕೊರ್ವೋ ಇದ್ದಂಗೆ ಮೂಕಿ ಆಗಿರಲಿ ಅಂತ ತಂಡದಾಗೆ ಅರ್ಧ ಜನ, ಸ್ಪ್ಲಿಂಟರ್ ಸೆಲ್‌ನ ಸ್ಯಾಮ್ ಫಿಶರ್ ತರ ಮಾತಾಡ್ಲಿ ಅಂತ ಇನ್ನರ್ಧ. "ನಂಗೆ ಇದೇ ಇಷ್ಟ" ಅನ್ನೋ ಉತ್ತರ ಬ್ಯಾಡ. ಯಾವುದು ಎಲ್ಲಿ ಕೆಲಸ ಮಾಡುತ್ತೆ, ಎಲ್ಲಿ ಕೈ ಕೊಡುತ್ತೆ, ಅದನ್ನ ಹೇಳ್ರಿ.

ಕೋಟೆಬೆಕ್ಕು · ರಾಯಚೂರು

ಮೂಕಿ ಇರಲಿ. ಕಾರಣ ಕಥೀದಲ್ಲ, ಕಿವೀದು.

ಶೂಟಿಂಗ್ ಗೇಮ್ ಕಣ್ಣಿನ ಮ್ಯಾಲ ನಡೀತದ, ಸ್ಟೆಲ್ತ್ ಕಿವಿ ಮ್ಯಾಲ. ಗ್ವಾಡಿ ಆ ಕಡೆ ಎಷ್ಟು ಮಂದಿ ಅದಾರ, ಹತ್ರ ಬರಾಕತ್ತಾರೋ ದೂರ ಹೋಗಾಕತ್ತಾರೋ, ಕಲ್ಲಿನ ಮ್ಯಾಲ ಅದಾರೋ ಕಟಗಿ ಮ್ಯಾಲೋ, ಎಲ್ಲಾ ಹೆಜ್ಜಿ ಸಪ್ಪಳದಿಂದ ಗೊತ್ತಾಗಬೇಕು. 1998ರ ಥೀಫ್: ದಿ ಡಾರ್ಕ್ ಪ್ರಾಜೆಕ್ಟ್ ಇವತ್ತಿಗೂ ಆಡಾಕ ಛಲೋ ಅನಸೂದು ಇದಕ್ಕ. ಅದರಾಗ ಸಪ್ಪಳ ಗ್ವಾಡಿ ತೂರಿ ನೇರ ಬರಂಗಿಲ್ಲ, ಕೋಣಿಯಿಂದ ಕೋಣಿಗೆ ಬಾಗಿಲ ಹಾದೀಲೆ ಸುತ್ತಿ ಬರತದ. ಹಂಗಾಗಿ ಎಡಗಿವ್ಯಾಗ ಕೇಳಿಸಿದ್ರ ಎಡಕಿನ ಬಾಗಿಲದಿಂದ ಬರಾಕತ್ತಾನ ಅಂತ ನಂಬಬಹುದು. ಹುಲ್ಲು, ಕಾರ್ಪೆಟ್ ಮ್ಯಾಲ ನೀವು ನಡದ್ರ ಸಪ್ಪಳಿಲ್ಲ, ಲೋಹದ ಹಾಳಿ ಮ್ಯಾಲ ಕಾಲಿಟ್ರ ಊರಿಗೆಲ್ಲಾ ಸುದ್ದಿ.

ಅಂಥಾ ಹೊತ್ತಿನ್ಯಾಗ ಹೀರೋ ಎರಡು ಸೆಕೆಂಡ್ ಬಾಯಿ ಬಿಟ್ಟ ಅಂದ್ರ ಕಾವಲಗಾರನ ನಾಕು ಹೆಜ್ಜಿ ಮುಚ್ಚಿ ಹೋದ್ವು. ನಾಕು ಹೆಜ್ಜಿ ಅಂದ್ರ ಅವ ಮೂಲಿ ತಿರುಗಿ ನಿಮ್ಮ ಮುಂದ ನಿಂತಿರತಾನ. ಆಟ ಆಡವ್ರಿಗೆ ಗೇಮ್ ಮೋಸ ಮಾಡಿದಂಗ ಆಗತದ.

ಎಡದಂಡೆ · ಸಿಂಧನೂರು

ಅಣ್ಣಾ, ನೀವು ಕೊಟ್ಟ ಉದಾಹರಣಿನ ನಿಮಗ ತಿರುಗಿ ಬೀಳತೈತಿ. ಥೀಫ್‌ನ ಹೀರೋ ಗ್ಯಾರೆಟ್ ಎಲ್ಲಿ ಮೂಕ? ಸ್ಟೀಫನ್ ರಸೆಲ್ ದನಿ ಇಲ್ಲಂದ್ರ ಆ ಗೇಮ್ ಅರ್ಧ ಇಲ್ಲ. ಆದ್ರ ಅವ ಮಾತಾಡೂದು ಎಲ್ಲಿ ಅಂತ ನೋಡ್ರಿ. ಮಿಷನ್ ಶುರುವಾಗೂ ಮೊದಲು ಬ್ರೀಫಿಂಗ್‌ನಾಗ ಮನಸು ಬಿಚ್ಚಿ ಹೇಳತಾನ: ಯಾರ ಮನಿ, ಏನ ಕದೀಬೇಕು, ತನಗ ಯಾಕ ರೊಕ್ಕ ಬೇಕು. ಮಿಷನ್ ಒಳಗ ಹೋದ ಮ್ಯಾಲ ಅಲ್ಲೊಂದು ಇಲ್ಲೊಂದು ಸಾಲು, ಅದೂ ಹೊಸಾದೇನರ ಕಂಡಾಗ. ಆ ಮಾತು ಕಾವಲಗಾರರಿಗೆ ಕೇಳಸಂಗಿಲ್ಲ, ಅವನ ಮನಸಿನ ಮಾತು ಅಂತ ಎಲ್ಲಾರೂ ಒಪ್ಪತಾರ. ದನಿ ಐತಿ, ಜಾಗಾ ನೋಡಿ ಐತಿ.

ಇನ್ನ ಕೊರ್ವೋ. 2012ರ ಡಿಸಾನರ್ಡ್‌ನಾಗ ಅವ ಮೂಕ ಆಗಿದ್ರೂ ಗೇಮ್ ಬಾಯಿ ಮುಚ್ಚಿಲ್ಲ. ಕೈಯಾಗ ಒಂದು ಹೃದಯ ಕೊಡತಾರ. ಯಾರ ಕಡೆಗರ ಹಿಡದ್ರ ಅವನ ಗುಟ್ಟು ಪಿಸುಗುಟ್ಟತೈತಿ: ಈ ಕಾವಲಗಾರ ಎಂಥಾವ, ಮನ್ಯಾಗ ಏನೈತಿ, ಏನು ಪಾಪ ಮಾಡ್ಯಾನ. ಕೊಲ್ಲಬೇಕೋ ಬಿಡಬೇಕೋ ಅಂತ ಯೋಚನಿ ಮಾಡವ್ರು ನೀವು, ಕೊರ್ವೋ ಅಲ್ಲ. ಅಲ್ಲಿ ಹೀರೋ ಬಾಯಿ ಹಾಕಿದ್ರ ಆ ತೀರ್ಮಾನ ನಿಮ್ಮ ಕೈ ಬಿಟ್ಟು ಹೋಗತಿತ್ತು. ಮುಖ್ಯ ಅಂದ್ರ ಹೃದಯದ ಮಾತು ನೀವಾಗಿ ಬಟನ್ ಒತ್ತಿದ್ರನ ಬರತೈತಿ. ಕೇಳಬೇಕು ಅನಿಸಿದಾಗ ಕೇಳತೀರಿ, ಕಾವಲಗಾರ ಹತ್ರ ಇದ್ರ ಒತ್ತಂಗಿಲ್ಲ.

2016ರ ಎರಡನೇ ಭಾಗದಾಗ ಅದೇ ಕೊರ್ವೋಗ ದನಿ ಕೊಟ್ರು, ಅದೂ ಸ್ಟೀಫನ್ ರಸೆಲ್‌ದೇ. ಅದರಾಗ ಆಡಬಹುದಾದ ಇನ್ನೊಂದು ಪಾತ್ರ ಎಮಿಲಿಗೂ ದನಿ ಬಂತು. ಲೆವೆಲ್ ಡಿಸೈನ್ ಮೊದಲಿನದಕ್ಕಿಂತ ಛಲೋ ಆಗೇತಿ. ಆದ್ರ ಖಾಲಿ ಕೋಣ್ಯಾಗ ನಿಂತು, ಮುಂದ ಇದ್ದ ವಸ್ತು ಏನಂತ ಹೀರೋನ ವಿವರಿಸಿ ಹೇಳೂ ಸಾಲು ಬಂದಾಗೆಲ್ಲಾ ಕಣ್ಣಿಗೆ ಕಂಡದ್ದನ್ನ ಕಿವಿಗೆ ಮತ್ತೊಮ್ಮೆ ಬಡಿಸಿದಂಗ. ನಡುವ 2013ರಾಗ ಬಂದ ಡೌಡ್‌ನ ಎರಡು ಡಿಎಲ್‌ಸಿ (ಮೊದಲನೇ ಗೇಮ್‌ಗೆ ಆಮ್ಯಾಲ ಸೇರಿಸಿದ ಕಥಿ ಭಾಗ) ಇದಕ್ಕಿಂತ ಪಾಡ. ಮೈಕೆಲ್ ಮ್ಯಾಡ್ಸನ್ ದನಿ. ಡೌಡ್‌ಗ ಮಾತು ಬೇಕೇ ಬೇಕಿತ್ತು, ಯಾಕಂದ್ರ ರಾಣಿನ್ನ ಕೊಂದವ ಅವನ. ಆ ತಪ್ಪಿನ ಭಾರ ಆಟಗಾರಂದಲ್ಲ, ಡೌಡ್‌ದು. ಅದನ್ನ ಅವನ ಬಾಯಿಲೇ ಕೇಳಬೇಕು.

ಸೈಬರ್_ಮೂಲೆ · ಸಿರುಗುಪ್ಪ

ಐಜಿಐ ಯಾರೂ ಎತ್ತಲಿಲ್ಲ! ನಮ್ಮ ಕಡೆ ಸ್ಟೆಲ್ತ್ ಅಂದ್ರೆ ಮೊದ್ಲು ಬಾಯಿಗೆ ಬರೋದು ಪ್ರಾಜೆಕ್ಟ್ ಐಜಿಐ, 2000ದ್ದು. ಹೀರೋ ಜೋನ್ಸ್ ಮಾತಾಡ್ತಾನೆ, ರೇಡಿಯೋದಾಗೆ ಆನ್ಯಾ ಮಾತಾಡ್ತಾಳೆ, ಆದ್ರೆ ಬೇಲಿ ದಾಟಿ ಒಳಗೆ ನುಗ್ಗಿದ ಮ್ಯಾಲೆ ಗಾಳಿ ಸದ್ದು, ಬೂಟು ಸದ್ದು ಅಷ್ಟೇ. ಮಿಷನ್ ನಡುವೆ ಸೇವ್ ಇಲ್ಲದ ಗೇಮ್ ಅದು. ಸತ್ರೆ ಮೊದಲಿಂದ. ಪ್ರತಿ ಸಲ ಅದೇ ಗೇಟಿನ ಹತ್ರ ಜೋನ್ಸ್ ಅದೇ ಡೈಲಾಗ್ ಹೊಡೆದಿದ್ರೆ ಕೀಬೋರ್ಡ್ ಉಳೀತಿರಲಿಲ್ಲ.

ಸಾಲುಗಂಬ · ಗಂಗಾವತಿ

ಸೈಬರ್_ಮೂಲೆ ಹೇಳಿದ್ದನ್ನು ಗುರುತು ಹಾಕಿಕೊಳ್ಳಿ, ಮುಂದೆ ಕೋಡ್ ಬರೆಯುವಾಗ ಅದೇ ದೊಡ್ಡ ತಲೆನೋವು. ಅದಕ್ಕೆ ಬರುತ್ತೇನೆ.

ಲಿಂಗಸೂರು_47 · ಲಿಂಗಸೂಗೂರು

ಮೂಕ, ಮಾತುಗಾರ ಅಂತ ಎರಡೇ ಗುಂಪು ಮಾಡಿದ್ರ ಮೂರನೇದು ಬಿಟ್ಟು ಹೋಗತೈತಿ ನೋಡ್ರಿ. ಮಾತನ್ನ ಹತಾರ ಮಾಡಿಕೊಂಡ ಗೇಮ್ ಅದಾವಲ್ಲ.

1998ರ ಕಮಾಂಡೋಸ್‌ನಾಗ ಗೂಢಚಾರ ಜರ್ಮನ್ ಸಮವಸ್ತ್ರ ಹಾಕ್ಕೊಂಡು ಸೈನಿಕನ ಮುಂದ ನಿಂತು ಮಾತಿಗೆ ಎಳೀತಾನ. ಮಾತು ನಡೆಯೂ ತನಕ ಆ ಸೈನಿಕನ ನೋಟ ಒಂದೇ ಕಡೆ. ಹಿಂದಿನಿಂದ ಜೋಡಿಗಿರೂ ಕಮಾಂಡೋ ಗ್ರೀನ್ ಬೆರೆ ದಾಟಿ ಹೋಗತಾನ. ಇಲ್ಲಿ ಮಾತು ಅಂದ್ರ ನೋಟಕ್ಕ ಹಾಕಿದ ಕೀಲಿ. 2020ರ ಡೆಸ್ಪರಾಡೋಸ್ 3ರಾಗ ಕೇಟ್ ಮಾಡೂದೂ ಇದೇ ಕೆಲಸ.

ಸ್ಪ್ಲಿಂಟರ್ ಸೆಲ್ ಕೇಯಾಸ್ ಥಿಯರಿ, 2005. ಸ್ಯಾಮ್ ಫಿಶರ್‌ಗ ಮೈಕೆಲ್ ಐರನ್‌ಸೈಡ್ ದನಿ. ಅವ ಹೆಚ್ಚಿಗಿ ಮಾತಾಡೂದು ಕಾವಲಗಾರನ ಕುತ್ತಿಗಿ ಹಿಡದ ಮ್ಯಾಲ. ಆಗ ನೀವು ಕತ್ತಲಾಗ ಅದೀರಿ, ಸುತ್ತ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಹಿಡದೀರಿ. ಅಂದ್ರ ಕಿವಿ ಖಾಲಿ ಇರೂ ಹೊತ್ತು. ಬಾಗಿಲದ ಕೋಡ್ ಸಿಗತೈತಿ, ಜೋಡಿಗೆ ಒಂದು ಒಣ ನಗೆಚಾಟಿಕಿ. ಅದೇ ಗೇಮ್‌ನಾಗ ಸಪ್ಪಳದ ಮೀಟರ್‌ನೂ ಐತಿ: ಸುತ್ತಲಿನ ಗದ್ದಲ ಎಷ್ಟು, ನಿಮ್ಮ ಸಪ್ಪಳ ಎಷ್ಟು ಎರಡನ್ನೂ ತೋರಸತೈತಿ. ಮಳಿ, ಜನರೇಟರ್ ಸದ್ದಿನ್ಯಾಗ ಜೋರ ನಡದ್ರೂ ನಡೀತೈತಿ.

ಮೆಟಲ್ ಗೇರ್ ಸಾಲಿಡ್ 5, 2015. ಸ್ನೇಕ್ ಹಳೇ ಗೇಮ್‌ಗಳಿಗೆ ಹೋಲಿಸಿದ್ರ ಭಾಳ ಕಡಿಮಿ ಮಾತಾಡತಾನ, ಕಥಿ ಎಲ್ಲಾ ಕ್ಯಾಸೆಟ್ಟಿನ್ಯಾಗ. ಬೇಕಾದಾಗ ಹಾಕ್ಕೊಂಡು ಕೇಳಬಹುದು. ಹೊಟ್ಟಿ ಕೆಟ್ಟವನ ಸಪ್ಪಳ ಇರೂ ಒಂದು ಟೇಪ್‌ನೂ ಐತಿ. ಪಾಯಖಾನಿ ಒಳಗ ಅಡಗಿ ಅದನ್ನ ಸ್ಪೀಕರಿನ್ಯಾಗ ಹಾಕಿದ್ರ ಹುಡುಕಿಕೊಂಡು ಬಂದ ಸೈನಿಕ ಮುಖ ತಿರುವಿ ಹೋಗತಾನ. ಹೀರೋನ ಬಾಯಿ ಮುಚ್ಚಿದ್ರೂ ದನಿ ಕೆಲಸ ಮಾಡತೈತಿ ಅಂದ್ರ ಇದು.

ನಮ್ಮ 47, ಹಿಟ್‌ಮ್ಯಾನ್ ಗೇಮ್‌ಗಳ ಹೀರೋ. ಡೇವಿಡ್ ಬೇಟ್ಸನ್ ದನಿ 2000ದಿಂದ ಅದೇ. ಹಿಟ್‌ಮ್ಯಾನ್ 2ರ ಮುಂಬೈ ಲೆವೆಲ್ ನೋಡ್ರಿ, 2018ದ್ದು. ಗುರಿಗಳೊಳಗ ಒಬ್ಬನ ಮುಖ ಯಾರಿಗೂ ಗೊತ್ತಿಲ್ಲ. ಕ್ಷೌರದವನ ಬಟ್ಟಿ ಹಾಕ್ಕೊಂಡು ನಿಂತ್ರ ಅವನ ಬಂದು ಕುರ್ಚಿ ಮ್ಯಾಲ ಕುಂದರತಾನ. ಕೈಯಾಗ ಕತ್ತಿ, ಮುಂದ ಬಿಚ್ಚಿದ ಗಂಟಲು. ಆಗ 47 ಮಾತಾಡಬೇಕು. ಸುಮ್ಮನ ಇದ್ರನ ಸಂಶಯ ಬರತೈತಿ. ವೇಷ ಹಾಕಿದವಂಗ ಮೌನನ ಅಪಾಯ, ನೆರಳಿನ್ಯಾಗ ಇರಾವಂಗ ಮಾತು ಅಪಾಯ. ಬಳ್ಳಾರಿ ಅಣ್ಣ, ನಿಮ್ಮಾಕಿ ಹಾಲು ಹಾಕಾಕಿ ಅಂದ್ರಿ. ಅಂದ್ರ ಕೆಳಕೋಟ್ಯಾಗ ಆಕಿ ವೇಷದಾಗ ಅದಾಳ, ಮೇಲ್ಕೋಟ್ಯಾಗ ಕಳ್ಳಿ. ಎರಡಕ್ಕೂ ಒಂದೇ ನಿಯಮ ಯಾಕ ಬೇಕು?

ಗುಡ್ಡದ_ನೆರಳು · ಬಳ್ಳಾರಿ

ಇದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಕೆಳಕೋಟೆ ಬಾಗಿಲ ಹತ್ರ ಕಾವಲಿನೋನು "ಇಷ್ಟೊತ್ತಿಗೆ ಯಾಕಮ್ಮ ಬಂದೆ" ಅಂತಾನೆ. ಈಗ ಅವಳು ಬರೀ ತಲೆ ಅಲ್ಲಾಡಿಸ್ತಾಳೆ, ಅದು ನೋಡಾಕೆ ಒಂಥರಾ ಕಾಣ್ತೈತೆ.

ಕೋಟೆಬೆಕ್ಕು · ರಾಯಚೂರು

ಬಾಗಿಲದಾಗ ಮಾತಾಡ್ಲಿ, ಒಪ್ಪಿದೆ. ಮೇಲ್ಕೋಟ್ಯಾಗ ಬ್ಯಾಡ. 2012ರ ಮಾರ್ಕ್ ಆಫ್ ದಿ ನಿಂಜಾ ನೋಡ್ರಿ, ನಿಂಜಾ ಬಾಯಿ ಬಿಡಂಗಿಲ್ಲ, ಜೋಡಿಗಿರೂ ಓರಾ ಮಾತಾಡತಾಳ. ಓಡಿದ್ರ ಎಷ್ಟು ದೂರ ಕೇಳಿಸತದ ಅಂತ ಪರದೆ ಮ್ಯಾಲ ವರ್ತುಲ ಬರತದ. ಹೀರೋ ಹೇಳಬೇಕಾದ್ದನ್ನೆಲ್ಲಾ ಕಣ್ಣಿಗೆ ಕಾಣೂ ಹಂಗ ಮಾಡಿಟ್ಟಾರ.

ಮೂಕ ಅಂದ್ರ ಸಪ್ಪಳಿಲ್ಲದವ ಅಂತಲ್ಲ ಮತ್ತ. 2019ರ ಅನ್‌ಟೈಟಲ್ಡ್ ಗೂಸ್ ಗೇಮ್‌ನಾಗ ಹೆಬ್ಬಾತಿಗೆ ಒಂದು ಶಬ್ದದ ಮಾತೂ ಬರಂಗಿಲ್ಲ, ಕೂಗೂ ಬಟನ್ ಒಂದ ಅದ. ತೋಟದವನ್ನ ಆ ಕಡೆ ಕರೀಬೇಕಂದ್ರ ಒತ್ತೂದು. ನಿಮ್ಮಾಕಿಗೂ ಹಂಗ ಒಂದು ಕೊಡ್ರಿ. ಗೂಗಿ ಕೂಗಿನ ಅನುಕರಣಿ ಇರಲಿ, ಇಲ್ಲಾ ಹಾಲಿನ ತಂಬಗಿ ಕಲ್ಲಿಗೆ ಬಡಿಯೂದು.

ಸಾಲುಗಂಬ · ಗಂಗಾವತಿ

ಈಗ ಜೋಡಣೆಯ ಮಾತು. ದನಿ ಕೊಡುವುದು ಅಂತ ಆದರೆ ಧ್ವನಿ ಫೈಲುಗಳನ್ನು ನೇರವಾಗಿ ನುಡಿಸಬೇಡಿ, ನಡುವೆ ಒಂದು ಸರದಿ ಇರಲಿ. ಪ್ರತಿ ಸಾಲಿಗೂ ಒಂದು ದರ್ಜೆ. ಕಾವಲಿನವನು ಕಂಡುಹಿಡಿದ ಕೂಗು 0, ಅವನ ಅನುಮಾನದ ಮಾತು 1, ಆಟ ಮುಂದೆ ಸಾಗಲು ಬೇಕಾದ ನಾಯಕಿಯ ಸಾಲು 2, ಅವಳ ಸುಮ್ಮನೆ ಟಿಪ್ಪಣಿ 3. ಸಣ್ಣ ಅಂಕಿ ಬಂದರೆ ದೊಡ್ಡದು ನಿಲ್ಲಬೇಕು. ನಿಂತ ಸಾಲು 2 ಆಗಿದ್ದರೆ ಮತ್ತೆ ಸರದಿಗೆ, 3 ಆಗಿದ್ದರೆ ಕಸದ ಬುಟ್ಟಿಗೆ. ಹತ್ತು ಸೆಕೆಂಡ್ ತಡವಾಗಿ ಬಂದ ಟಿಪ್ಪಣಿ ಬಾರದಿದ್ದಕ್ಕಿಂತ ಕೆಟ್ಟದ್ದು. ಬಾವಿ ದಾಟಿ ಹೋದ ಮೇಲೆ "ಬಾವಿ ಒಣಗಿದೆ" ಅಂದರೆ ನಗು ಬರುತ್ತದೆ.

ಸಾಲು ಶುರುವಾಗುವ ಮೊದಲು ಒಂದು ಪರೀಕ್ಷೆ: 15 ಮೀಟರ್ ಒಳಗೆ ಎಚ್ಚರ ಇರುವ ಕಾವಲಿನವನು ಇದ್ದಾನಾ? ಇದ್ದರೆ 3ನೇ ದರ್ಜೆ ಶುರುವಾಗಲೇಬಾರದು. ಈ ದೂರವನ್ನು ನೇರ ಗೆರೆಯಲ್ಲಿ ಅಳೆಯಬೇಡಿ. ಗೋಡೆಯ ಆಚೆ 3 ಮೀಟರಿನಲ್ಲಿದ್ದವನು ಬಾಗಿಲು ಸುತ್ತಿ ಬರಲು 40 ಮೀಟರ್ ಇರಬಹುದು. ನ್ಯಾವಿಗೇಶನ್ ದಾರಿಯ, ಅಂದರೆ ಕಾವಲಿನವನು ನಡೆದು ಬರುವ ದಾರಿಯ, ಉದ್ದ ತೆಗೆದುಕೊಳ್ಳಿ. ಪ್ರತಿ ಫ್ರೇಮಿಗೂ ಲೆಕ್ಕ ಹಾಕಿದರೆ ಫೋನಿನಲ್ಲಿ ಆಟ ತೆವಳುತ್ತದೆ. ಸಾಲು ಕೇಳಿದಾಗ ಒಮ್ಮೆ ಸಾಕು.

ಗೋಡಾಟ್‌ನಲ್ಲಿ ನಾಯಕಿಗೆ ಒಂದು ಆಡಿಯೋ ಬಸ್ (ಸದ್ದು ಹಾದು ಹೋಗುವ ದಾರಿ), ಕಾವಲಿನವರ ಮಾತು ಮತ್ತು ಹೆಜ್ಜೆಗೆ ಇನ್ನೊಂದು. ನಾಯಕಿಯ ಬಸ್ ಮೇಲೆ ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ ಕೂರಿಸಿ, ಯಾವ ಸದ್ದು ಕೇಳಿ ತಗ್ಗಿಸಬೇಕು ಎಂದು ಹೇಳುವ ಸೈಡ್‌ಚೈನ್ ಜಾಗದಲ್ಲಿ ಕಾವಲಿನವರ ಬಸ್ ಹೆಸರು ಕೊಡಿ. ಥ್ರೆಶೋಲ್ಡ್ (ತಗ್ಗಿಸಲು ಶುರು ಮಾಡುವ ಮಟ್ಟ) ಮೈನಸ್ 30 ಡೆಸಿಬೆಲ್, ರೇಶಿಯೋ (ಎಷ್ಟು ತಗ್ಗಿಸಬೇಕು) 6ರಿಂದ ಶುರು ಮಾಡಿ ಕೇಳಿ ತಿದ್ದಿ. ರಿಲೀಸ್ (ದನಿ ಮತ್ತೆ ಏರಲು ಹಿಡಿಯುವ ಹೊತ್ತು) 250 ಮಿಲಿಸೆಕೆಂಡ್. ಅಟ್ಯಾಕ್ (ತಗ್ಗಲು ಹಿಡಿಯುವ ಹೊತ್ತು) ಮಾತ್ರ ಅಲ್ಲಿ ಮೈಕ್ರೋಸೆಕೆಂಡಿನಲ್ಲಿದೆ, ಮಿಲಿ ಅಂದುಕೊಂಡು ಅಂಕಿ ಹಾಕುವವರು ಜಾಸ್ತಿ. ಹತ್ತಿರದ ಹೆಜ್ಜೆ ಜೋರಾಗಿ ಬಸ್ಸಿಗೆ ಬರುವುದರಿಂದ ನಾಯಕಿಯ ದನಿ ತಾನಾಗಿ ತಗ್ಗುತ್ತದೆ, ದೂರದ ಹೆಜ್ಜೆಗೆ ತಗ್ಗುವುದಿಲ್ಲ. ಇದಕ್ಕಾಗಿ ಬೇರೆ ಕೋಡ್ ಬೇಡ.

ಇನ್ನು ಮತ್ತೆ ಮತ್ತೆ ಕೇಳಿಸುವ ಕಾಟ. ಸ್ಟೆಲ್ತ್ ಆಡುವವರು ಸಿಕ್ಕಿಬಿದ್ದ ಕೂಡಲೇ ಲೋಡ್ ಒತ್ತುತ್ತಾರೆ. "ಈ ಸಾಲು ಕೇಳಿಸಿದೆ" ಎಂಬ ಗುರುತನ್ನು ಸೇವ್ ಫೈಲಿನಲ್ಲಿ ಇಟ್ಟರೆ ಲೋಡ್ ಆದಾಗ ಗುರುತೂ ಹಿಂದಕ್ಕೆ ಹೋಗಿ ಅದೇ ಸಾಲು ಮತ್ತೆ ಬರುತ್ತದೆ. ಗುರುತನ್ನು ಪ್ರೊಫೈಲ್ ಫೈಲಿನಲ್ಲಿ, ಸೇವ್‌ಗೆ ಹೊರಗೆ ಇಡಿ. ಆಗ ಇನ್ನೊಂದು ತೊಡಕು: ಮೊದಲ ಪದಕ್ಕೇ ಸಿಕ್ಕಿಬಿದ್ದರೆ ಸಾಲು ಪೂರ್ತಿ ಕೇಳದೆಯೇ ಕಳೆದುಹೋಗುತ್ತದೆ. ಆದ್ದರಿಂದ ಸಾಲಿನ ಶೇ. 80 ಭಾಗ ನುಡಿದ ಮೇಲೆ ಮಾತ್ರ ಗುರುತು ಬೀಳಲಿ. ಹೊಸ ಆಟ ಶುರು ಮಾಡಿದರೆ ಗುರುತೆಲ್ಲ ಅಳಿಸಿ.

ಕೀಲಿ ಹಾಕಿದ ಬಾಗಿಲಿಗೆ ಕೈ ಹಚ್ಚಿದಾಗ ಬರುವಂಥ, ಪದೇ ಪದೇ ಬೇಕಾಗುವ ಮಾತಿಗೆ ಐದಾರು ರೂಪ ಇರಲಿ. ಪ್ರತಿ ಸಲ ಯಾದೃಚ್ಛಿಕವಾಗಿ ಆರಿಸಿದರೆ ಒಂದೇ ರೂಪ ಸಾಲಾಗಿ ಎರಡು ಸಲ ಬಂದೇ ಬರುತ್ತದೆ. ಐದನ್ನೂ ಇಸ್ಪೀಟಿನಂತೆ ಕಲಸಿ, ಎಲ್ಲ ಮುಗಿದ ಮೇಲೆ ಮತ್ತೆ ಕಲಸಿ. ಹೊಸ ಸುತ್ತಿನ ಮೊದಲನೆಯದು ಹಳೆಯ ಸುತ್ತಿನ ಕೊನೆಯದು ಆಗದಂತೆ ನೋಡಿಕೊಳ್ಳಿ.

ಗುಡ್ಡದ_ನೆರಳು · ಬಳ್ಳಾರಿ

ಸರ್, ಫೈಲ್ ಸೈಜ್ ಹೆಂಗೆ? ಆಂಡ್ರಾಯ್ಡ್‌ಗೂ ಬಿಡಬೇಕು. ಮತ್ತೆ ಮೇಲ್ಕೋಟೆಯಾಗೆ ಏನಾದ್ರೂ ಹೇಳಿಸಿದ್ರೆ ಪಿಸುಮಾತಲ್ಲೇ ಹೇಳಿಸಬೇಕಲ್ವಾ?

ಸಾಲುಗಂಬ · ಗಂಗಾವತಿ

48 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ ಅಂದರೆ ಸೆಕೆಂಡಿಗೆ 96 ಕಿಲೋಬೈಟ್. ಎರಡು ಸೆಕೆಂಡಿನ 200 ಸಾಲು ಇದ್ದರೆ 38 ಎಂಬಿ ದಾಟುತ್ತದೆ. ಅದನ್ನೇ 64 ಕೆಬಿಪಿಎಸ್ "ಆಗ್ ವೋರ್ಬಿಸ್" (ಫೈಲನ್ನು ಕುಗ್ಗಿಸಿಡುವ ರೂಪ) ಮಾಡಿದರೆ 3.2 ಎಂಬಿ. ಮಾತು ಆಗ್‌ನಲ್ಲಿ, ಹೆಜ್ಜೆ ಸಪ್ಪಳ ವೇವ್‌ನಲ್ಲೇ ಇರಲಿ. ಹೆಜ್ಜೆ ಫೈಲುಗಳು ಚಿಕ್ಕವು, ಒಟ್ಟಿಗೆ ಹತ್ತಾರು ನುಡಿಯುತ್ತವೆ, ಬಿಚ್ಚುವ ಕೆಲಸ ಪ್ರೊಸೆಸರಿಗೆ ಬೇಡ. ಪಿಸುಮಾತಿನ ಬಗ್ಗೆ ರೆಕಾರ್ಡಿಂಗ್‌ನವರು ಹೇಳಲಿ.

ಮೈಕ್_ಮುಂದೆ · ಕೊಪ್ಪಳ

ನಿಜವಾದ ಪಿಸುಮಾತು ಹಿಡೀಬ್ಯಾಡ್ರಿ. ಪಿಸುಗುಟ್ಟುವಾಗ ಗಂಟಲಿನ ತಂತು ಅದುರಂಗಿಲ್ಲ, ಬರೇ ಗಾಳಿ. ಸ್ಟುಡಿಯೋ ಹೆಡ್‌ಫೋನಿನ್ಯಾಗ ಮಸ್ತ್ ಕೇಳಸತೈತಿ, ಫೋನಿನ ಸ್ಪೀಕರಿನ್ಯಾಗ, ಮ್ಯಾಲ ಫ್ಯಾನ್ ತಿರಗೂ ಕೋಣ್ಯಾಗ ಪೂರಾ ಮಾಯ. ಫ್ಯಾನಿನ ಸದ್ದೂ ಗಾಳಿ, ಪಿಸುಮಾತೂ ಗಾಳಿ. ಮತ್ತ ತಂತು ಅದುರದಿದ್ರ ಕ ಮತ್ತ ಗ, ತ ಮತ್ತ ದ, ಪ ಮತ್ತ ಬ ನಡುವಿನ ಫರಕ್ ಅಳಿಸಿ ಹೋಗತೈತಿ. "ಅವ ಕಂಡ" ಅಂದದ್ದು "ಅವ ಗಂಡ" ಅಂತ ಕೇಳಿಸಿದ್ರ ಕಥಿ ಎಲ್ಲಿಗೋ ಹೋತು.

ಮಾಡಬೇಕಾದ್ದು ನಾಟಕದವ್ರು ಮಾಡೂ ತಗ್ಗಿದ ದನಿ. ಗಂಟಲು ಸ್ವಲ್ಪ ಅದುರಲಿ, ಉಸಿರು ಜಾಸ್ತಿ ಇರಲಿ, ವಾಕ್ಯದ ಕೊನಿ ನುಂಗಬಾರದು. ಮೈಕ್ ಬಾಯಿಯಿಂದ 15ರಿಂದ 20 ಸೆಂಟಿಮೀಟರ್, ನೇರ ಮುಂದ ಅಲ್ಲ, ಸ್ವಲ್ಪ ಬಾಜೂಕ. ಪ, ಬ, ಫ ಬಂದಾಗ ಗಾಳಿ ನೇರ ಬಡಿಯಂಗಿಲ್ಲ. 24 ಬಿಟ್‌ನಾಗ ಹಿಡೀರಿ, ಗೇನ್ ಏರಸೂ ಹುಚ್ಚಿಗೆ ಹೋಗಬ್ಯಾಡ್ರಿ. ಜೋರ ಸಾಲಿನ ತುದಿ ಮೈನಸ್ 6 ಡೆಸಿಬೆಲ್ ದಾಟಬಾರದು. ಆಮ್ಯಾಲ 80 ಹರ್ಟ್ಸ್ ಕೆಳಗಿಂದ ಕತ್ತರಿಸಿದ್ರ ಗುಂಯ್ ಅನ್ನೂದು ಹೋಗತೈತಿ.

ಜಾಗಾ. ಪೂರಾ ಸ್ಟುಡಿಯೋ ಬೇಕಿಲ್ಲ. ಅರಿವಿ ತುಂಬಿದ ಕಪಾಟ ಬಾಗಲಾ ತಗದು ಅದಕ್ಕ ಬೆನ್ನು ಕೊಟ್ಟು ನಿಲ್ಲರಿ, ಎದುರಿಗೆ ಎರಡು ಕೌದಿ ಜೋತುಬಿಡ್ರಿ. ಗ್ವಾಡಿಯಿಂದ ಮರಳಿ ಬರೂ ದನಿ ಅದರಾಗ ಸಾಯತೈತಿ. ಫ್ಯಾನ್, ಕೂಲರ್, ಯುಪಿಎಸ್ ಎಲ್ಲಾ ಬಂದ್. ಬ್ಯಾಸಿಗಿ ಮಧ್ಯಾಹ್ನ ನಮ್ಮ ಜಿಲ್ಲಾದಾಗ ಇದು ಆಗೂ ಮಾತಲ್ಲ, ನಸುಕಿನ್ಯಾಗ ಮುಗಸ್ರಿ. ಪ್ರತಿ ಸಲ ರೆಕಾರ್ಡಿಂಗ್‌ಗೆ ಕುಂತಾಗ ಮೊದಲು 20 ಸೆಕೆಂಡ್ ಯಾರೂ ಮಾತಾಡದ ಖಾಲಿ ಕೋಣಿ ಹಿಡದಿಡ್ರಿ. ಸಾಲು ಸಾಲಿನ ನಡುವ ತುಂಬಾಕ ಬೇಕಾಗತೈತಿ.

ಇನ್ನೊಂದು. ಕಾವಲಿನವರ ಮಾತು ಕೋಟಿ ಗ್ವಾಡಿಗೆ ಬಡದು ಬಂದಂಗ ರಿವರ್ಬ್ ಹಾಕಿರತೀರಿ. ನಾಯಕಿ ದನಿಗೆ ಹಾಕಬ್ಯಾಡ್ರಿ, ಒಣಾ ಇರಲಿ. ಕೇಳವ್ರಿಗೆ ಯಾವುದು ಹೊರಗಿನ ಮಾತು, ಯಾವುದು ಮನಸಿನ ಮಾತು ಅಂತ ಹೇಳದ ಗೊತ್ತಾಗತೈತಿ. ಬಾಗಿಲದಾಗ ಕಾವಲಿನವನ ಜೋಡಿ ಮಾತಾಡೂ ಸಾಲಿಗೆ ಮಾತ್ರ ಅವನಿಗಿರೂ ರಿವರ್ಬೇ ಹಾಕ್ರಿ.

ಎಡದಂಡೆ · ಸಿಂಧನೂರು

ಈ ಒಣಾ ದನಿ, ರಿವರ್ಬ್ ದನಿ ಅನ್ನೂದು ಭಾರಿ ಆತು ನೋಡ್ರಿ. ಹೀರೋ ಮಾತಾಡಿದ್ರ ಕಾವಲಗಾರರಿಗೆ ಯಾಕ ಕೇಳಂಗಿಲ್ಲ ಅಂತ ಹೊಸದಾಗಿ ಆಡವ್ರು ಕೇಳೂ ಪ್ರಶ್ನಿಗೆ ಅದರಾಗ ಉತ್ತರ ಐತಿ.

ಸದ್ದುಗುರುತು · ಮಾನ್ವಿ

ಕಿವಿ ಕಿವಿ ಅಂತ ಎಲ್ಲರೂ ಹೇಳುತ್ತಿದ್ದೀರಿ. ಕಿವಿ ಕೇಳದವರೂ ಸ್ಟೆಲ್ತ್ ಆಡುತ್ತಾರೆ, ರಾತ್ರಿ ಮನೆಯವರು ಮಲಗಿದ ಮೇಲೆ ದನಿ ಬಂದ್ ಮಾಡಿ ಆಡುವವರೂ ಇದ್ದಾರೆ. ಇವರಿಗೆ ನಾಯಕಿ ಮೂಕಿಯೋ ಮಾತುಗಾತಿಯೋ ಎರಡೂ ಒಂದೇ, ಕಾಣುವುದು ಸಬ್‌ಟೈಟಲ್ ಮಾತ್ರ. ಮಾತುಗಾತಿ ಆದರೆ ಅವಳ ಸಾಲು ಕಾವಲಿನವನ ಸಾಲನ್ನು ಪರದೆಯಿಂದ ತಳ್ಳುತ್ತದೆ, ಕೋಟೆಬೆಕ್ಕು ಹೇಳಿದ ತೊಂದರೆಯೇ ಕಣ್ಣಿಗೂ ಬರುತ್ತದೆ. ಎರಡಕ್ಕೂ ಬೇರೆ ಜಾಗ ಕೊಡಿ. ಕಾವಲಿನವರದು ಕೆಳಗೆ ನಡುವೆ, ಯಾವ ದಿಕ್ಕಿನಿಂದ ಬಂತೆಂದು ಪಕ್ಕದಲ್ಲಿ ಸಣ್ಣ ಬಾಣ. ನಾಯಕಿಯದು ಬೇರೆ ಬಣ್ಣದಲ್ಲಿ, ಮೇಲಿನ ಮೂಲೆಯಲ್ಲಿ. ಹೆಜ್ಜೆ ಸಪ್ಪಳಕ್ಕೂ ಬಾಣ ಇರಲಿ, ಬೇಡದವರು ಆಯ್ಕೆಯಲ್ಲಿ ತೆಗೆಯುತ್ತಾರೆ.

ಕನ್ನಡ ಅಕ್ಷರದ ವಿಷಯ. ಗೋಡಾಟ್ 3ರಲ್ಲಿ ಒತ್ತಕ್ಷರ ಒಡೆದು ಬರುತ್ತಿತ್ತು, 4ರಲ್ಲಿ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಇರುವುದರಿಂದ ಸರಿಯಾಗಿ ಕೂಡುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಸಾಕು. ಆದರೆ ಅಕ್ಷರ ಒಂದೊಂದಾಗಿ ಮೂಡುವ ಟೈಪ್‌ರೈಟರ್ ಎಫೆಕ್ಟ್ ಹಾಕಿದರೆ ಮೊದಲು "ಕೋಟ" ಬಂದು ಆಮೇಲೆ "ಕೋಟೆ" ಆಗುವುದು, ಒತ್ತು ತಡವಾಗಿ ಬಂದು ಕೂರುವುದು ನಡೆಯುತ್ತದೆ. ಗೋಡಾಟ್‌ನ ಲೇಬಲ್‌ನಲ್ಲಿ ಅಕ್ಷರ ತೋರಿಸುವ ಕ್ರಮವನ್ನು ಶೇಪಿಂಗ್ (ಅಕ್ಷರ ಕೂಡಿಸುವ ಕೆಲಸ) ಆದ ನಂತರ ಎಂಬುದಕ್ಕೆ ಬದಲಿಸಿ. ಅಥವಾ ಎಫೆಕ್ಟೇ ಬಿಡಿ, ಸಾಲು ಒಟ್ಟಿಗೆ ಬರಲಿ. ಸ್ಟೆಲ್ತ್‌ನಲ್ಲಿ ಓದಲು ಯಾರಿಗೂ ಪುರುಸೊತ್ತಿಲ್ಲ.

ಲಿಂಗಸೂರು_47 · ಲಿಂಗಸೂಗೂರು

ದನಿ ಕೊಡೂ ಮೊದಲು ಒಂದು ಎಚ್ಚರ. ಒಮ್ಮಿ ಕೊಟ್ಟ ದನಿ ಅಂದ್ರ ಆ ಪಾತ್ರದ ಮುಖ ಇದ್ದಂಗ. ಥೀಫ್‌ನ 2014ರಾಗ ಹೊಸದಾಗಿ ಮಾಡಿದಾಗ ಸ್ಟೀಫನ್ ರಸೆಲ್ ಇರಲಿಲ್ಲ. 2013ರ ಸ್ಪ್ಲಿಂಟರ್ ಸೆಲ್ ಬ್ಲ್ಯಾಕ್‌ಲಿಸ್ಟ್‌ನಾಗ ಐರನ್‌ಸೈಡ್ ಜಾಗಾದಾಗ ಎರಿಕ್ ಜಾನ್ಸನ್. ಆಟ ಹೆಂಗ ಇದ್ರೂ ಹಳೇ ಮಂದಿ ಮೊದಲು ಎತ್ತಿದ ತಕರಾರು ದನೀದು. ಮೂಕ ಹೀರೋಗ ಈ ಕಾಟ ಇಲ್ಲ. ನಿಮಗ ದನಿ ಕೊಡಾಕಿ ಮುಂದಿನ ಲೆವೆಲ್‌ಗೆ ಸಿಗತಾಳ ಅಂತ ಖಾತ್ರಿ ಇಲ್ಲಂದ್ರ ಎರಡೂ ಲೆವೆಲ್ ಸಾಲು ಒಂದೇ ಸಲ ಹಿಡದಿಡ್ರಿ. ಜೋಡಿಗೆ ಸುಮ್ಮನ ಬೇಕಾಗೂ ಹಾಂ, ಹೂಂ, ಥೂ, ಏದುಸಿರು, ಎತ್ತರದಿಂದ ಜಿಗಿದಾಗಿನ ಸಪ್ಪಳ ಇಂಥಾವು ಒಂದು 30.

ಗುಡ್ಡದ_ನೆರಳು · ಬಳ್ಳಾರಿ

ಒಂದು ಕೊನೇ ಗಂಟು. ಬಳ್ಳಾರಿ ಅಂದ್ಮೇಲೆ ಕಾವಲಿನೋರು ಒಂದೇ ಭಾಷೆ ಆಡಲ್ಲ. ಕನ್ನಡ, ತೆಲುಗು, ದಖನಿ ಮೂರೂ ರೆಕಾರ್ಡ್ ಮಾಡಿದೀವಿ. ನಾಯಕಿಗೆ ಕನ್ನಡ, ತೆಲುಗು ಬರುತ್ತೆ, ದಖನಿ ಬರಲ್ಲ. ಇದನ್ನ ಅವಳ ಬಾಯಲ್ಲಿ ಹೇಳಿಸೋದಾ?

ಎಡದಂಡೆ · ಸಿಂಧನೂರು

ಹೇಳಿಸಬ್ಯಾಡ್ರಿ, ಆಟದಾಗ ತೋರಸ್ರಿ. ಮೆಟಲ್ ಗೇರ್ 5ರಾಗ ರಷ್ಯನ್ ಬಲ್ಲ ದುಭಾಷಿನ್ನ ಹಿಡಕೊಂಡು ಬರೂ ತನಕ ಸೈನಿಕರ ಮಾತು ತಿಳಿಯಂಗಿಲ್ಲ, ಹಿಡದು ಕೇಳಿದ್ರೂ ಉತ್ತರ ಅರ್ಥ ಆಗಂಗಿಲ್ಲ. ನಿಮ್ಮದ್ರಾಗ ದಖನಿ ಸಾಲಿಗೆ ಸಬ್‌ಟೈಟಲ್ ಜಾಗಾದಾಗ ಬರೇ ಚುಕ್ಕಿ ಬರಲಿ. ಕೆಳಕೋಟ್ಯಾಗ ದಖನಿ ಬಲ್ಲ ಅಡಗಿಯವನ ಸ್ನೇಹ ಮಾಡಿದ್ರ ಮಾತ್ರ ಮೇಲ್ಕೋಟ್ಯಾಗ ಆ ಸಾಲು ಬಿಚ್ಚಿಕೊಳ್ಳಲಿ. ದಖನಿ ಗೊತ್ತಿದ್ದ ಆಟಗಾರರಿಗೆ ಬಿಟ್ಟಿ ಲಾಭ, ಬಳ್ಳಾರಿ, ರಾಯಚೂರಿನ್ಯಾಗ ಅಂಥಾವ್ರು ಭಾಳ ಮಂದಿ ಅದಾರ. ಸಿಗಲಿ ಬಿಡ್ರಿ.

ಸೈಬರ್_ಮೂಲೆ · ಸಿರುಗುಪ್ಪ

ಎದುರಿನ ಗುಡ್ಡ ಎತ್ತರ ಇರೋದು ನೋಡ್ಕೊಳ್ಳದೆ ಕೋಟೆ ಕಟ್ಟಿದ ಅಂತ ಹೈದರಾಲಿ ಫ್ರೆಂಚ್ ಇಂಜಿನಿಯರ್‌ನ ನೇಣು ಹಾಕಿಸ್ದ ಅಂತ ಜನ ಹೇಳ್ತಾರಲ್ಲ, ಆ ಕುಂಬಾರ ಗುಡ್ಡದ ಮ್ಯಾಲೆ ಒಬ್ಬ ಕಾವಲಿನೋನ್ನ ನಿಲ್ಲಿಸ್ರಿ. ಮೇಲ್ಕೋಟೆಯ ಆ ಕಡೆ ಗೋಡೆ ಎಲ್ಲಾ ಅವನ ಕಣ್ಣಿಗೆ. ಅಷ್ಟು ದೂರದೋನ ಹೆಜ್ಜೆ ಕೇಳಲ್ಲ, ದೀಪ ಮಾತ್ರ ಕಾಣ್ತದೆ. ಅಲ್ಲಿ ನಾಯಕಿ ಒಂದು ಸಾಲು ಹೇಳ್ಲೇಬೇಕು, ಇಲ್ಲಾಂದ್ರೆ ಯಾಕೆ ಸಿಕ್ಕಿಬಿದ್ದೆ ಅಂತ ಯಾರಿಗೂ ತಿಳಿಯಲ್ಲ.

ಸಾಲುಗಂಬ · ಗಂಗಾವತಿ

ಇಂಥ ಜಾಗಗಳನ್ನು ಊಹೆಯಿಂದ ಹುಡುಕಬೇಡಿ. ನಾಯಕಿಯ ಎಲ್ಲ ಸಾಲು ಬಂದ್ ಮಾಡಿದ ಒಂದು ಬಿಲ್ಡ್ (ಆಡಲು ಬರುವ ಆವೃತ್ತಿ) ಸಿದ್ಧ ಮಾಡಿ. ಗೇಮ್ ನೋಡಿರದ ಐದು ಜನರ ಕೈಗೆ ಕೊಟ್ಟು ಹಿಂದೆ ಕುಳಿತು ಪರದೆ ರೆಕಾರ್ಡ್ ಮಾಡಿ, ಏನೂ ಹೇಳಿಕೊಡಬೇಡಿ. ಒಂದೇ ಜಾಗದಲ್ಲಿ ಮೂವರು ಮೂರು ಸಲಕ್ಕಿಂತ ಹೆಚ್ಚು ಸತ್ತರೆ ಮೊದಲು ದೀಪ, ಸಪ್ಪಳ, ದಾರಿ ತಿದ್ದಿ. ತಿದ್ದಿದ ಮೇಲೂ ಸಾಯುತ್ತಿದ್ದರೆ ಅಲ್ಲಿ ಸಾಲು ಬರೆಯಿರಿ, ಐದು ಪದ ಮೀರದಂತೆ. ಯಾರೂ ಸಾಯದೆ ದಾಟಿದ ಜಾಗಕ್ಕೆ ನೀವು ಮೊದಲೇ ಬರೆದಿಟ್ಟ ಸಾಲು ಎಷ್ಟೇ ಚಂದ ಇದ್ದರೂ ತೆಗೆಯಿರಿ. ತೆಗೆಯಲು ಮನಸ್ಸು ಬಾರದ ಸಾಲುಗಳನ್ನು ಎರಡು ಲೆವೆಲ್ ನಡುವಿನ ಬ್ರೀಫಿಂಗ್‌ಗೆ ಸಾಗಿಸಿ, ಗ್ಯಾರೆಟ್ ತರ.

ಗುಡ್ಡದ_ನೆರಳು · ಬಳ್ಳಾರಿ

ಆಯ್ತು ಸರ್. ಕೆಳಕೋಟೆಯಾಗೆ ಮಾತು, ಮೇಲ್ಕೋಟೆಯಾಗೆ ಮೌನ, ನಡುವೆ ಬ್ರೀಫಿಂಗ್, ತಂಬಿಗೆ ಬಡಿಯೋ ಬಟನ್. ಸಾಲು ಬಂದ್ ಮಾಡೋಕೆ ಎಫ್9 ಕೀ ಇಟ್ಟಿದೀವಿ. ಕುಂಬಾರ ಗುಡ್ಡದೋನು ದೀಪ ಬೀಸೋ ಅನಿಮೇಶನ್ ಮುಗಿದ ಮ್ಯಾಲೆ ಬಿಲ್ಡ್ ಇಲ್ಲೇ ಹಾಕ್ತೀವಿ.

ಕೋಟೆಬೆಕ್ಕು · ರಾಯಚೂರು

ತಂಬಗಿ ಸಪ್ಪಳಕ್ಕ ಎಷ್ಟು ದೂರ ಇಟ್ಟೀರಿ? ಓಡೂ ಹೆಜ್ಜಿಗಿಂತ ಜಾಸ್ತಿ ಇರಲಿ, ಇಲ್ಲಂದ್ರ ಯಾರೂ ಆ ಬಟನ್ ಒತ್ತಂಗಿಲ್ಲ, ಓಡಿನ ಕರೀತಾರ. ಓಡೂದು 12 ಮೀಟರ್ ಇದ್ರ ತಂಬಗಿ 18 ಇಡ್ರಿ.